ಹಿಂಗೈಯಿಂದ ಮುಟ್ಟುವವನು

ರಬ್ಬರ್ ಕೈಗವಸಿನಲ್ಲಿ ತೂತಿದೆಯೇ ಇಲ್ಲವೇ ಎಂದು ತಿಳಿಯಲು ಕಣ್ಣು ಸಾಲದು, ಕಿವಿ ಬೇಕು. ಗವಸಿನ ಬಾಯನ್ನು ಎರಡೂ ಕೈಯಲ್ಲಿ ಹಿಡಿದು ಚಾಪೆ ಸುತ್ತಿದ ಹಾಗೆ ಸುತ್ತುತ್ತ ಹೋಗಬೇಕು. ಒಳಗಿನ ಗಾಳಿ ಮುಂದಕ್ಕೆ ನುಗ್ಗಿ ಐದೂ ಬೆರಳು ಉಬ್ಬಿ ನಿಲ್ಲುತ್ತವೆ. ಆಗ ಅದನ್ನು ಕೆನ್ನೆಯ ಹತ್ತಿರ ತಂದು ಒತ್ತಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಸಣ್ಣಗೆ ಉಸಿರು ಬಿಟ್ಟ ಸದ್ದು ಬರುತ್ತದೆ, ಕೆನ್ನೆಗೆ ತಣ್ಣಗೆ ತಾಗುತ್ತದೆ. ವಿದ್ಯುತ್ ಡಿಪೋದ ಉಗ್ರಾಣದ ಕಿಟಕಿಯ ಹಿಂದೆ ನಿಂತು ಅವನು ಪ್ರತಿ ಬೆಳಿಗ್ಗೆ ಮಾಡುವ ಕೆಲಸ ಇದು. ಗವಸು ಪಾಸಾದರೆ ಕಟ್ಟೆಯ ಮೇಲಿಟ್ಟು ಆಚೆ ತಳ್ಳುತ್ತಾನೆ. ಆಚೆ ನಿಂತವರು ಅಂದು ಕಂಬ ಹತ್ತುವವರು. ಅವರಲ್ಲಿ ಒಬ್ಬ ಅವನ ಹೆಂಡತಿಯ ತಮ್ಮ.

"ಏನ್ ಭಾವ, ಎಲ್ಲರ ಕೈಗೂ ಮುತ್ತು ಕೊಟ್ಟಾಯ್ತಾ?" ಎಂದು ಭಾಮೈದ ಕೇಳುತ್ತಾನೆ.

"ನಿನ್ನ ಗವಸು ಮೂಸಿದ ಮೇಲೆ ಮುತ್ತಿನ ಆಸೆನೇ ಹೋಯ್ತು," ಎಂದು ಇವನು ಹೇಳುತ್ತಾನೆ.

ಈ ಮಾತು ಹೆಚ್ಚುಕಡಿಮೆ ದಿನವೂ ನಡೆಯುತ್ತದೆ. ಜೀಪು ಹೊರಡುತ್ತದೆ. ಅಂಗಳ ಖಾಲಿಯಾಗುತ್ತದೆ. ಮತ್ತೆ ಸಂಜೆಯವರೆಗೆ ಉಗ್ರಾಣದಲ್ಲಿ ಇರುವುದು ತಂತಿಯ ಸುರುಳಿಗಳು, ಹುಲ್ಲಿನಲ್ಲಿ ಸುತ್ತಿಟ್ಟ ಪಿಂಗಾಣಿ ಇನ್ಸುಲೇಟರ್‌ಗಳು ಮತ್ತು ಅವನು.

ಮೊದಲು ಅವನೂ ಕಿಟಕಿಯ ಆಚೆ ಬದಿಯವನೇ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಂಬ ಹತ್ತಿದ ಲೈನ್‌ಮ್ಯಾನ್. ತಂಡದವರು ಅವನನ್ನು ಅಳಿಲು ಎನ್ನುತ್ತಿದ್ದರು. ಬೂಟಿಗೆ ಕಬ್ಬಿಣದ ಕೊಕ್ಕೆ ಕಟ್ಟಿಕೊಂಡು, ಸೊಂಟದ ಬೆಲ್ಟನ್ನು ಕಂಬಕ್ಕೆ ಬಳಸಿ ಹಾಕಿ, ಬೇರೆಯವರು ಕೆಳಗೆ ಬಕಲ್ ಬಿಗಿಯುವಷ್ಟರಲ್ಲಿ ಅವನು ಮೇಲಿರುತ್ತಿದ್ದ. ಮೇಲೆ ಹೋದವನಿಗೆ ಊರಿನ ಇನ್ನೊಂದು ಮುಖ ಕಾಣುತ್ತದೆ. ಯಾರ ಮನೆಯ ನೀರಿನ ತೊಟ್ಟಿ ಸೋರುತ್ತಿದೆ, ಯಾರು ತಾರಸಿಯಲ್ಲಿ ಕದ್ದು ಸಿಗರೇಟು ಸೇದುತ್ತಾರೆ, ಯಾರ ಮನೆಯ ಹಗ್ಗದ ಮೇಲೆ ಹೊಸದಾಗಿ ಕೂಸಿನ ಬಟ್ಟೆ ಕಾಣಿಸಿಕೊಂಡಿದೆ, ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದ. ಉಗ್ರಾಣದ ಕಿಟಕಿಯಿಂದ ಕಾಣುವುದು ಜೀಪಿನ ಹಿಂಭಾಗ ಮಾತ್ರ. ಮನೆಗೆ ಬಂದು ಹೇಳುವಂಥದ್ದು ಈಗ ಏನೂ ಇರುವುದಿಲ್ಲ.

ಆದದ್ದು ಇಷ್ಟು. ಒಂದು ಮಧ್ಯಾಹ್ನ ಲೈನ್ ಬಂದ್ ಮಾಡಿಸಿ ಅವನು ಮೇಲೆ ಹತ್ತಿದ್ದ. ಇನ್ಸುಲೇಟರಿಗೆ ತಂತಿಯನ್ನು ಬಿಗಿಯುವ ಸಣ್ಣ ಕಟ್ಟುತಂತಿಯನ್ನು ದಪ್ಪ ಗವಸಿನಲ್ಲಿ ತಿರುಚಲು ಬರುವುದಿಲ್ಲ. ಎಲ್ಲರೂ ಒಂದು ಗವಸು ಬಿಚ್ಚುತ್ತಾರೆ. ಅವನೂ ಬಲಗೈಯದನ್ನು ಬಿಚ್ಚಿದ. ಅದೇ ಹೊತ್ತಿಗೆ ಪಕ್ಕದ ಬೀದಿಯ ಬೇಕರಿಯವರು ಕರೆಂಟಿಲ್ಲವೆಂದು ಜನರೇಟರ್ ಚಾಲೂ ಮಾಡಿದರು, ಆದರೆ ಲೈನಿನಿಂದ ಬೇರ್ಪಡಿಸುವ ಸ್ವಿಚ್ಚನ್ನು ಎಳೆಯಲಿಲ್ಲ. ಸತ್ತ ತಂತಿಗೆ ಹಿಂದಿನಿಂದ ಜೀವ ಬಂತು. ಕರೆಂಟ್ ಹೊಡೆದಾಗ ಅಂಗೈ ತಂತಿಯನ್ನು ಬಿಡುವುದಿಲ್ಲ, ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಕೆಳಗೆ ನಿಂತಿದ್ದ ಭಾಮೈದ ಉದ್ದನೆಯ ಒಣ ಕೋಲಿನಿಂದ ಭಾವನ ಮೊಣಕೈಗೆ ಬೀಸಿ ಹೊಡೆದು ಕೈ ಬಿಡಿಸಿದ. ಎಲುಬು ಮುರಿಯಿತು, ಜೀವ ಉಳಿಯಿತು. ಎಡ ತೊಡೆ ಕಂಬದ ಮೇಲಿನ ಅಡ್ಡಪಟ್ಟಿಗೆ ತಾಗಿದ್ದರಿಂದ ಕರೆಂಟ್ ಅಲ್ಲಿಂದ ಹೊರಗೆ ಹೋಗಿತ್ತು. ಆ ಜಾಗಕ್ಕೆ ಬೆನ್ನಿನ ಚರ್ಮ ತೆಗೆದು ಹಚ್ಚಿದರು.

ಗುಣವಾದ ಮೇಲೆ ನೋಡಲು ಬಂದವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ: "ಕರೆಂಟ್ ನನಗೇನೂ ಮಾಡ್ಲಿಲ್ಲಪ್ಪ. ಭಾಮೈದನೇ ಕೈ ಮುರಿದದ್ದು." ಬಂದವರು ನಗುತ್ತಿದ್ದರು. ಹೇಳುವವನು ನಗುತ್ತಿರಲಿಲ್ಲ.

ಎಲುಬು ಕೂಡಿತು. ಕೂಡದೇ ಉಳಿದದ್ದನ್ನು ಮೊದಲು ಗುರುತಿಸಿದವಳು ಹೆಂಡತಿ. ಎಲೆಕ್ಟ್ರಿಕ್ ಕೆಲಸದವರಿಗೆ ಒಂದು ರೂಢಿಯಿದೆ. ಗೊತ್ತಿಲ್ಲದ ಯಾವ ಲೋಹವನ್ನೂ ಮೊದಲು ಅಂಗೈಯಿಂದ ಮುಟ್ಟುವುದಿಲ್ಲ, ಹಿಂಗೈಯಿಂದ ಮುಟ್ಟುತ್ತಾರೆ. ಕರೆಂಟ್ ಇದ್ದರೆ ಕೈ ಹಿಂದಕ್ಕೆ ಸಿಡಿಯುತ್ತದೆ, ಹಿಡಿದುಕೊಳ್ಳುವುದಿಲ್ಲ. ಪರೀಕ್ಷಿಸುವ ಪೆನ್ನು, ಮೀಟರು ಎಲ್ಲ ಬಂದ ಮೇಲೂ ಹಳಬರ ಕೈಯಿಂದ ಆ ರೂಢಿ ಹೋಗಿಲ್ಲ. ಇವನಿಗೆ ಅದು ಮನೆಯೊಳಕ್ಕೂ ಬಂತು. ನಲ್ಲಿ, ಬಾಗಿಲ ಚಿಲಕ, ಫ್ರಿಜ್ಜಿನ ಹಿಡಿ, ಟೀ ಸೋಸುವ ಜಾಲರಿ, ಎಲ್ಲಕ್ಕೂ ಮೊದಲು ಹಿಂಗೈ. ಆಮೇಲೂ ಬಲಗೈ ಲೋಹದ ಮೇಲೆ ಪೂರ್ತಿ ಮುಚ್ಚುತ್ತಿರಲಿಲ್ಲ. ಬೆರಳು ಬಾಗುತ್ತಿದ್ದವು, ಅಂಗೈ ದೂರವೇ ನಿಲ್ಲುತ್ತಿತ್ತು. ಚಮಚ ಎಡಗೈಗೆ ಹೋಯಿತು. ಪಾತ್ರೆ ಎತ್ತಲು ಬಟ್ಟೆ ಬಂತು. ಜೊತೆಗಿದ್ದ ಅವನ ತಾಯಿ, ಕಿವಿ ಸ್ವಲ್ಪ ಮಂದವಾದರೂ ಕಣ್ಣು ಚುರುಕಿನ ಮುದುಕಿ, ಒಂದು ದಿನ ಸೊಸೆಗೆ ಗುಟ್ಟಾಗಿ ಹೇಳುತ್ತೇನೆಂದುಕೊಂಡು ಮನೆಗೆಲ್ಲ ಕೇಳುವಂತೆ ಹೇಳಿದಳು: "ಇವನು ಮನೇಲಿ ಎಲ್ಲಾ ಸಾಮಾನಿಗೂ ಜ್ವರ ನೋಡ್ತಾನಲ್ಲೇ!"

ಹೆಂಡತಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕಿಟಕಿ ಪರದೆ, ಬಾಗಿಲ ಪರದೆ, ಮದುವೆ ಹಾಲಿನ ಉದ್ದುದ್ದ ಪರದೆ. ಅಂಗಡಿಯಲ್ಲಿ ಕರೆಂಟ್ ಹೋದಾಗ ಉಳಿದ ಹೆಂಗಸರು ಮಿಷಿನ್ ನಿಂತಿತೆಂದು ಗೊಣಗುತ್ತಾರೆ. ಅವಳು ಗೊಣಗಿದ್ದಿಲ್ಲ. ಕರೆಂಟ್ ಹೋಯಿತೆಂದರೆ ಗಂಡ ಎಲ್ಲೋ ಕಂಬದ ಮೇಲಿರಬಹುದು ಎಂದು ಅವಳ ಲೆಕ್ಕ. ಮತ್ತೆ ದೀಪ ಹತ್ತಿಕೊಂಡರೆ ಇಳಿದ ಎಂದು. ಮದುವೆಯಾದಾಗಿನಿಂದ ಅವಳು ಅವನ ಕ್ಷೇಮಸಮಾಚಾರ ತಿಳಿದದ್ದು ಹೀಗೆ. ಆ ಮಧ್ಯಾಹ್ನ ದೀಪ ಬರುವುದು ತಡವಾಯಿತು. ಅಷ್ಟರಲ್ಲಿ ತಮ್ಮನ ಫೋನು ಬಂತು. ಅಂದಿನಿಂದ ಗಂಡ ಉಗ್ರಾಣದಲ್ಲಿದ್ದಾನೆ ಎಂಬುದು ಅವಳಿಗೆ ಬೇಸರದ ಸಂಗತಿಯಲ್ಲ. ಇದನ್ನು ಅವಳು ಅವನಿಗೆ ಹೇಳಿರಲಿಲ್ಲ.

ದಿನವಿಡೀ ಬಗ್ಗಿ ಹೊಲಿದು ಅವಳ ಭುಜ ಕಟ್ಟಿಕೊಂಡಿತ್ತು. ವೈದ್ಯರು ಗುಳಿಗೆ ಕೊಟ್ಟು, ಕೈ ಎತ್ತುವ ಯಾವುದಾದರೂ ವ್ಯಾಯಾಮ ಮಾಡಿ ಎಂದರು. ಅಂಗಡಿಗೆ ಪರದೆ ಹೊಲಿಸಲು ಬಂದ ಗಿರಾಕಿಯೊಬ್ಬಳು, ನಗರದ ಬಸ್ ಓಡಿಸುವ ದಪ್ಪ ದನಿಯ ಹೆಂಗಸು, ಅವಳನ್ನು ಟೈರ್ ಅಂಗಡಿಯ ಮೇಲಿನ ಹಾಲಿಗೆ ಎಳೆದುಕೊಂಡು ಹೋದಳು. ಅಲ್ಲಿ ಪೋಲ್ ಡ್ಯಾನ್ಸ್ ಕಲಿಸುತ್ತಿದ್ದರು. ನೆಲದಿಂದ ಸೂರಿನವರೆಗೆ ನಾಲ್ಕು ಸ್ಟೀಲ್ ಕಂಬಗಳು, ಒಂದು ಗೋಡೆಗೆ ಪೂರ್ತಿ ಕನ್ನಡಿ, ಮೂಲೆಯಲ್ಲಿ ದಪ್ಪ ಹಾಸಿಗೆಗಳು, ಎಲ್ಲದಕ್ಕೂ ಕೆಳಗಿನಿಂದ ಬರುವ ರಬ್ಬರ್ ವಾಸನೆ. ಕುಣಿತ ಎಂಬ ಮಾತು ಕೇಳಿ ಅವಳು ಬಾಗಿಲಲ್ಲೇ ನಿಂತಳು. ಒಳಗಿದ್ದವರು ಹಲ್ಲಿನ ಕ್ಲಿನಿಕ್ಕಿನ ನರ್ಸ್, ಇಬ್ಬರು ಟೀಚರುಗಳು, ಮೊಮ್ಮಗಳನ್ನು ಟ್ಯೂಷನ್ನಿಗೆ ಬಿಟ್ಟು ಬಂದ ಒಬ್ಬ ಅಜ್ಜಿ. ಯಾರೂ ಕುಣಿಯುವಂತೆ ಕಾಣಲಿಲ್ಲ. ಜಾರುತ್ತಿದ್ದರು, ಬೀಳುತ್ತಿದ್ದರು, ಹೊಟ್ಟೆ ಹಿಡಿದು ನಗುತ್ತಿದ್ದರು. ಎರಡನೇ ವಾರದಲ್ಲಿ ಅವಳು ಒಂದು ಕೈಯಲ್ಲಿ ಕಂಬ ಹಿಡಿದು, ಕಾಲು ಮಡಚಿ, ಕುರ್ಚಿಯಲ್ಲಿ ಕೂತಂತೆ ಒಂದು ಸುತ್ತು ಸುತ್ತಿದಳು. ಚಿಕ್ಕಂದಿನ ನಂತರ ಕಾಲು ನೆಲ ಬಿಟ್ಟದ್ದು ಅದೇ ಮೊದಲು ಎಂದು ಅವಳು ಆಮೇಲೆ ಹೇಳಿದಳು.

ಮನೆಗೆ ಬರುವಾಗ ಮೊಣಕಾಲಿನ ಹಿಂದೆ, ತೊಡೆಯ ಒಳಗೆ ನೀಲಿ ಗುರುತುಗಳಿರುತ್ತಿದ್ದವು. ಅತ್ತೆ ಅವನ್ನು ನೋಡಿ ಮೊದಲು ಮಗನನ್ನು ದುರುಗುಟ್ಟಿ ನೋಡಿದಳು. ವಿಷಯ ತಿಳಿದ ಮೇಲೆ ಸೊಸೆಗೆ ಎಣ್ಣೆ ತಂದುಕೊಟ್ಟಳು. ತರಗತಿಯ ದಿನ ಎಣ್ಣೆ, ಕ್ರೀಮು ಯಾವುದೂ ಮೈಗೆ ತಾಗಬಾರದು, ಜಾರಿಬಿಡುತ್ತೆ ಎಂದು ಸೊಸೆ ಅದನ್ನು ವಾಪಸ್ ಕೊಟ್ಟಳು.

ಅವನು ಸ್ಕೂಟರಿನಲ್ಲಿ ಅವಳನ್ನು ಬಿಟ್ಟು, ಮುಗಿಯುವವರೆಗೆ ಟೈರ್ ಅಂಗಡಿಯ ಮುಂದೆ ಕಾಯುತ್ತಿದ್ದ. ಟೈರ್ ಅಂಗಡಿಯವನು ಆಗಾಗ ಮಾತಿಗೆಳೆಯುತ್ತಿದ್ದ. ಇವನು ಹೂಂ ಎನ್ನುತ್ತಿದ್ದ. ಆಸ್ಪತ್ರೆಯಿಂದ ಬಂದಾಗಿನಿಂದ ಅವನು ಬಾಯಿಬಿಟ್ಟು ನಕ್ಕದ್ದನ್ನು ಹೆಂಡತಿ ನೋಡಿರಲಿಲ್ಲ. ಒಂದು ಸಂಜೆ ಅವಳೇ ಕೆಳಗೆ ಬಂದು, ಮೇಲೆ ಎಲ್ಲರೂ ಕಂಬ ಹತ್ತಲಾರದೆ ಒದ್ದಾಡುತ್ತಿದ್ದಾರೆ, ಬಂದು ನೋಡಿ, ಹೊಟ್ಟೆ ಹುಣ್ಣಾಗುವಷ್ಟು ನಗುತ್ತೀರಿ ಎಂದು ಕರೆದಳು. ಕರೆದದ್ದು ಅಷ್ಟಕ್ಕೇ.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಬೇರೆ ಕಡೆ ತಿರುಗಿದ. ನೇರವಾಗಿ ಹತ್ತಿರದ ಕಂಬದ ಬುಡಕ್ಕೆ ಹೋಗಿ, ಒಂದು ಕಣ್ಣು ಮುಚ್ಚಿ ಮೇಲಿನವರೆಗೆ ನೋಡಿದ.

"ಇದು ಸ್ವಲ್ಪ ವಾಲಿದೆ," ಎಂದ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದಳು ಬಸ್ಸಿನವಳು. "ಅಣ್ಣ ಅವಳಿಗಿಂತ ಒಂದು ಹೆಜ್ಜೆ ಮುಂದೆ. ಕಂಬಾನೇ ಡೊಂಕು ಅಂತಾರೆ."

ಹಾಲ್ ತುಂಬ ನಗು. ಕಲಿಸುವ ಹುಡುಗಿ, ಮೊದಲು ಜಿಮ್ನಾಸ್ಟಿಕ್ ಸ್ಪರ್ಧೆಗಳಿಗೆ ಹೋಗುತ್ತಿದ್ದವಳು, ಎಲ್ಲರೂ ಕೋಚ್ ಎನ್ನುತ್ತಿದ್ದವಳು, ಹಾಗಾದರೆ ಹತ್ತಿಯೇ ತೋರಿಸಿ ಎಂದಳು. ಅವನು ಬಲಗೈಯ ಹಿಂಬದಿಯನ್ನು ಸ್ಟೀಲಿಗೆ ಮೆಲ್ಲಗೆ ತಾಗಿಸಿದ. ತೆಗೆದ. ಮತ್ತೆ ತಾಗಿಸಿದ. ಏನು ಮಾಡುತ್ತಿದ್ದೀರಿ ಎಂದು ಕೋಚ್ ಕೇಳಿದಾಗ ಕಾರಣ ಹೇಳಿದ. ಯಾರೂ ನಗಲಿಲ್ಲ. ನರ್ಸ್ ಬಂದು ತಾನೂ ಹಿಂಗೈಯಿಂದ ಕಂಬವನ್ನು ಮುಟ್ಟಿ, "ಕರೆಂಟ್ ಇಲ್ಲ, ಹತ್ತಿ ಅಣ್ಣ," ಎಂದಳು. ಅವನು ಎರಡೂ ಕೈಯಲ್ಲಿ ಹಿಡಿದು, ಪ್ಯಾಂಟಿನ ಕಾಲುಗಳನ್ನು ಕಂಬಕ್ಕೆ ಸುತ್ತಿ ಒಂದು ಎಳೆತ ಎಳೆದ. ಸರ್ರನೆ ಜಾರಿ ನೆಲದ ಮೇಲೆ ಕೂತ.

ಕಂಬ ಹತ್ತಿ ಬದುಕಿದವನಿಗೆ ಇದು ಹೊಸ ಪಾಠ. ಅವನ ಕಂಬದ ಮೇಲೆ ಮೈ ತಾಗುವಂತಿಲ್ಲ. ಬೂಟು, ಬೆಲ್ಟು, ಗವಸು ಹಿಡಿಯಬೇಕು, ಮೈ ದೂರವಿರಬೇಕು. ಇಲ್ಲಿ ಬಟ್ಟೆ ಜಾರುತ್ತದೆ. ಹಿಡಿಯುವುದು ಬರಿಯ ಚರ್ಮ ಮಾತ್ರ. ಕೋಚ್ ಇದನ್ನು ಹೇಳಿ, ಮುಂದಿನ ಸಲ ಚಡ್ಡಿ ಹಾಕಿಕೊಂಡು ಬನ್ನಿ ಎಂದಳು.

ಅವನು ಬರುವುದಿಲ್ಲ ಎಂದೇ ಹೆಂಡತಿ ತಿಳಿದಿದ್ದಳು. ಆಸ್ಪತ್ರೆಯ ಪಟ್ಟಿ ಬಿಚ್ಚಿದ ಮೇಲೆ ಅವನು ಅವಳ ಮುಂದೆಯೂ ಬೆಳಕಿನಲ್ಲಿ ಕಾಲು ತೋರಿಸಿರಲಿಲ್ಲ. ಮುಂದಿನ ವಾರ ಅವನು ಹಳೆಯ ಖಾಕಿ ಪ್ಯಾಂಟೊಂದನ್ನು ಅವಳ ಮುಂದಿಟ್ಟು ಇದನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿ ಹೊಲಿದುಕೊಡು ಎಂದ. ಅವಳು ಹೊಲಿದುಕೊಟ್ಟಳು. ಟೈರ್ ಅಂಗಡಿಯ ಮೇಲೆ, ಬಿಳಿ ಟ್ಯೂಬ್‌ಲೈಟಿನ ಕೆಳಗೆ, ಅವಳು ಆ ತೊಡೆಯನ್ನು ಮೊದಲ ಸಲ ಸರಿಯಾಗಿ ನೋಡಿದಳು. ಹಚ್ಚಿದ ಚರ್ಮ ಹೊಳೆಯುತ್ತಿತ್ತು, ಮೇಲೆ ಬಲೆಯ ಗೆರೆಗಳಿದ್ದವು. ಅದು ಬೆವರುವುದಿಲ್ಲ. ಬೆವರದ ಚರ್ಮ ಸ್ಟೀಲನ್ನು ಹಿಡಿಯುವುದಿಲ್ಲ. ಎಡಗಾಲು ಎಷ್ಟು ಒತ್ತಿದರೂ ಜಾರುತ್ತಿತ್ತು. ಕೋಚ್ ಅವನಿಗೆ ಎಲ್ಲವನ್ನೂ ಬಲಗಾಲಿನಿಂದ ಕಲಿಸಿದಳು. ಹೆಂಗಸರು ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು. ಅಜ್ಜಿ ಮಾತ್ರ ಹತ್ತಿರ ಬಂದು, ತನಗೆ ಹೊಟ್ಟೆ ಕೊಯ್ದ ಗುರುತು ಇದಕ್ಕಿಂತ ಉದ್ದ ಇದೆ ಎಂದು ಜಂಬ ಕೊಚ್ಚಿಕೊಂಡು ಹೋದಳು.

ಅಲ್ಲಿಂದ ಮುಂದೆ ಅವನು ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ಒಂದೇ ಒಂದು ತಕರಾರು ತೆಗೆದ. ಅವನು ಮೇಲಿರುವಾಗ ಕೋಚ್ "ಕಾಲು ಮಡಚಿ, ಬೆನ್ನು ನೆಟ್ಟಗೆ" ಎಂದು ಕೂಗುತ್ತಿದ್ದಳು. ಲೈನಿನಲ್ಲಿ ಕಂಬದ ಮೇಲಿರುವವನನ್ನು ಕೆಳಗಿನವರು ಕೂಗುವಂತಿಲ್ಲ. ಅವನಾಗಿ ಕೇಳಿದರೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿ ನಿಲ್ಲಬೇಕು. ಕೂಗಿದರೆ ಅವನು ಕೆಳಗೆ ನೋಡುತ್ತಾನೆ, ಕೈ ಎಲ್ಲಿದೆ ಎಂಬುದು ಮರೆಯುತ್ತದೆ. ಹೀಗೆಂದು ಅವನು ಹೇಳಿದಾಗ ಕೋಚ್ ಒಪ್ಪಿದಳು. ಹೇಳುವುದನ್ನೆಲ್ಲ ಅವನು ಹತ್ತುವ ಮೊದಲೇ ಹೇಳಿ ಸುಮ್ಮನಾಗುತ್ತಿದ್ದಳು. ಅವನ ಸರದಿ ಬಂದಾಗ ಹಾಡು ನಿಲ್ಲುತ್ತಿತ್ತು, ಹೆಂಗಸರು ಕತ್ತೆತ್ತಿ ನೋಡುತ್ತಿದ್ದರು. ಕಂಬ ಹತ್ತುವ ಮೊದಲು ಎಲ್ಲರೂ ಹಿಂಗೈಯಿಂದ ಅದನ್ನು ಮುಟ್ಟುವುದು ಆಟವಾಗಿ ಶುರುವಾಗಿ ಅಲ್ಲಿಯ ರೂಢಿಯೇ ಆಯಿತು.

ಅವನ ಅಂಗೈ ಸ್ಟೀಲಿನ ಮೇಲೆ ಪೂರ್ತಿ ಮುಚ್ಚಿದ್ದನ್ನು ಹೆಂಡತಿ ಕನ್ನಡಿಯಲ್ಲಿ ನೋಡಿದಳು. ಅವನು ಕುರ್ಚಿ ಸುತ್ತು ಸುತ್ತುತ್ತಿದ್ದ. ಬಲಗೈ ತಲೆಯ ಮೇಲೆ, ಬೆರಳ ಗಂಟುಗಳು ಬಿಳಿಚಿಕೊಂಡಿದ್ದವು, ಕೈ ಮತ್ತು ಕಂಬದ ನಡುವೆ ಸಂದು ಇರಲಿಲ್ಲ. ಸುತ್ತು ಮುಗಿದು ಅವನು ಹಾಸಿಗೆಯ ಮೇಲೆ ದೊಪ್ಪನೆ ಬಿದ್ದ, ಮತ್ತು ನಕ್ಕ. ಬಸ್ಸಿನವಳು ಚಪ್ಪಾಳೆ ತಟ್ಟಿದಳು. ಹೆಂಡತಿ ಕನ್ನಡಿಯ ಕಡೆಗೇ ಮುಖಮಾಡಿ ನಿಂತಿದ್ದಳು. ಆ ರಾತ್ರಿ ಊಟಕ್ಕೆ ಅವನು ಬಲಗೈಯಲ್ಲಿ ಚಮಚ ಹಿಡಿದ. ತಾಯಿ ಅದನ್ನು ಕಂಡರೂ ಬೇರೆಯೇ ಮಾತೆತ್ತಿದಳು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗೆ ಐವತ್ತಕ್ಕೇ ಬಂತಲ್ಲೋ. ಹೆಂಡತಿ ಜೊತೆ ಚಡ್ಡಿ ಹಾಕ್ಕೊಂಡು ಕುಣೀತೀಯಂತೆ."

"ನೀನೂ ಬಾರಮ್ಮ. ಅಲ್ಲಿ ನಿನ್ನ ವಯಸ್ಸಿನವರೂ ಇದ್ದಾರೆ."

"ನಾನು ಬಂದರೆ ಕಂಬ ಉಳಿಯುತ್ತಾ?" ಎಂದಳು ತಾಯಿ.

ಆ ಕೆಲವು ವಾರ ಮನೆ ಹಗುರಾಗಿತ್ತು. ಅವು ಹೆಚ್ಚು ವಾರಗಳಲ್ಲ.

ಅಪಘಾತವಾದವರಿಗೆ ಇಲಾಖೆ ಒಂದು ಅವಧಿಯವರೆಗೆ ನೆಲದ ಮೇಲಿನ ಕೆಲಸ ಕೊಡುತ್ತದೆ. ಅವಧಿ ಮುಗಿಯುವುದರೊಳಗೆ ಡಿಪೋದ ಅಂಗಳದಲ್ಲಿರುವ ತರಬೇತಿ ಕಂಬ ಹತ್ತಿ ತೋರಿಸಿದರೆ ಮತ್ತೆ ಲೈನಿಗೆ ಸೇರಬಹುದು. ಪರೀಕ್ಷೆ ಒಂದೇ ಸಲ. ಹೆಸರು ಕೊಡದಿದ್ದರೆ, ಅಥವಾ ಹತ್ತಲಾಗದಿದ್ದರೆ, ಉಗ್ರಾಣವೇ ಕಾಯಂ. ಅವನು ಹೆಸರು ಕೊಡುವುದಿಲ್ಲ ಎಂದು ಹೆಂಡತಿ ನಂಬಿದ್ದಳು, ಏಕೆಂದರೆ ಆ ಮಾತನ್ನು ಅವನು ಎತ್ತಿರಲೇ ಇಲ್ಲ. ಒಂದು ಭಾನುವಾರ ಮನೆಗೆ ಬಂದ ಅವಳ ತಮ್ಮ ಟೀ ಕುಡಿಯುತ್ತ, ಭಾವನ ಹೆಸರು ಪರೀಕ್ಷೆಗೆ ಹೋಗಿದೆ, ಇನ್ನು ಕೆಲವೇ ದಿನ, ಮತ್ತೆ ಇಬ್ಬರೂ ಒಂದೇ ಜೀಪಿನಲ್ಲಿ ಎಂದು ಸಡಗರದಿಂದ ಹೇಳಿದ. ಅಕ್ಕನ ಮುಖ ನೋಡಿ ಲೋಟ ಕೆಳಗಿಟ್ಟ.

"ನಿನಗೆ ಗೊತ್ತಿಲ್ವಾ ಅಕ್ಕ? ಕೈ ಸರಿಹೋಯ್ತು, ನನ್ನ ಹೆಂಡತೀನೇ ಸರಿ ಮಾಡಿಸಿದಳು ಅಂತ ಭಾವ ಎಲ್ಲರ ಹತ್ರಾನೂ ಹೇಳ್ಕೊಂಡು ಓಡಾಡ್ತಿದಾರೆ."

ತಮ್ಮ ಹೋದ ಮೇಲೆ ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ನಿಂತಳು. ಗಂಡ ಬಂದು ಬಾಗಿಲಿಗೆ ಒರಗಿದ. ಪರದೆ ಹೊಲಿಯುವವಳ ಮಾತು ಸಾಮಾನ್ಯವಾಗಿ ಚಿಕ್ಕದು. ಅಂದು ಇನ್ನೂ ಚಿಕ್ಕದಾಗಿತ್ತು.

"ನಗಲಿ ಅಂತ ಕರ್ಕೊಂಡು ಹೋದೆ ರೀ. ಹತ್ತಲಿ ಅಂತ ಅಲ್ಲ."

"ಉಗ್ರಾಣದಲ್ಲಿ ನಾನು ಆರಕ್ಕೇರಲ್ಲ, ಮೂರಕ್ಕಿಳಿಯಲ್ಲ. ಊರವರ ಗವಸಿನ ಗಾಳಿ ಕುಡಿದುಕೊಂಡು ಎಷ್ಟು ದಿನ ಅಂತ ಇರ್ಲಿ?"

"ಬದುಕಿರೋ ಅಷ್ಟು ದಿನ ಇರಿ. ನಾನು ಕೇಳ್ತಿರೋದು ಅಷ್ಟೇ."

"ಇದು ಬದುಕಾ?"

ಅವಳು ನಲ್ಲಿ ನಿಲ್ಲಿಸಿದಳು. ಕರೆಂಟ್ ಹೋದಾಗಲೆಲ್ಲ ಅಂಗಡಿಯಲ್ಲಿ ತಾನು ಮಾಡುತ್ತಿದ್ದ ಲೆಕ್ಕವನ್ನು ಆಗ ಅವನಿಗೆ ಮೊದಲ ಸಲ ಹೇಳಿದಳು. ದೀಪ ಬರುವವರೆಗೆ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದದ್ದನ್ನೂ, ದೀಪ ಬಂದ ಮೇಲೆ ಯಾರಿಗೂ ಕಾಣದಂತೆ ಉಸಿರು ಬಿಡುತ್ತಿದ್ದದ್ದನ್ನೂ ಹೇಳಿದಳು. ಅವನು ಕೇಳಿಸಿಕೊಂಡ. ಪರೀಕ್ಷೆಯಿಂದ ಹೆಸರು ವಾಪಸ್ ತೆಗೆಯುತ್ತೇನೆ ಎನ್ನಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಏಣಿ ತಂದು ನಿಲ್ಲಿಸಿದವಳು ತಾನೇ, ಈಗ ಎಳೆದುಕೊಂಡರೆ ಏನು ಬಂತು ಎಂದು ಆಮೇಲೆ ತಮ್ಮನ ಹತ್ತಿರ ಹೇಳಿಕೊಂಡಳು.

ಪರೀಕ್ಷೆಗೆ ಮುಂಚಿನ ತರಗತಿಯಲ್ಲಿ ಅವನು ಸೂರಿನವರೆಗೆ ಹೋದ. ಬಲ ಮೊಣಕಾಲಿನ ಹಿಂದೆ ಕಂಬ ಸಿಕ್ಕಿಸಿಕೊಂಡು, ಬಲಗೈಯೊಂದರಲ್ಲೇ ಬಿಗಿಯಾಗಿ ಹಿಡಿದು, ಎಡಗೈ ಬಿಟ್ಟು ಹೊರಕ್ಕೆ ವಾಲಿದ. ಹಾಡು ನಿಂತಿತ್ತು. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು. ಹೆಂಡತಿ ಬುಡದಲ್ಲಿ ನಿಂತಿದ್ದಳು. ಅವಳ ಬಾಯಿಗೆ 'ಇಳೀರಿ' ಎಂಬ ಮಾತು ಬಂತು. ಕಂಬದ ಮೇಲಿರುವವನನ್ನು ಕೂಗಬಾರದೆಂದು ಲೈನ್‌ಮ್ಯಾನ್‌ನ ಹೆಂಡತಿಗೆ ಯಾರೂ ಕಲಿಸಬೇಕಿಲ್ಲ. ಅವಳು ತುಟಿ ಕಚ್ಚಿಕೊಂಡಳು. ಅವನಾಗಿ ಇಳಿದ. ಕೋಚ್ ಅವನ ಬೆನ್ನು ತಟ್ಟಿ, ಇಷ್ಟು ಬೇಗ ಇಲ್ಲಿಯವರೆಗೆ ಬಂದವರು ಇಲ್ಲ ಎಂದಳು.

ಡಿಪೋದ ತರಬೇತಿ ಕಂಬ ಮರದ್ದು. ಅದರ ಮೇಲೆ ಅಡ್ಡಪಟ್ಟಿ, ಇನ್ಸುಲೇಟರ್‌ಗಳು, ಪಕ್ಕದ ಇನ್ನೊಂದು ಕಂಬದವರೆಗೆ ಎಳೆದ ತಂತಿಗಳು ಎಲ್ಲ ಇವೆ. ತಂತಿಗಳಿಗೆ ಎರಡೂ ತುದಿಯಲ್ಲಿ ಯಾವ ಸಂಪರ್ಕವೂ ಇಲ್ಲ. ಅವುಗಳಲ್ಲಿ ಎಂದೂ ಕರೆಂಟ್ ಹರಿದಿಲ್ಲ. ಅಂಗಳದಲ್ಲಿ ಆಡುವ ಕಾಗೆಗಳಿಗೂ ಅದು ಗೊತ್ತು. ಹತ್ತಿ, ಬೆಲ್ಟ್ ಹಾಕಿ ಹಿಂದಕ್ಕೆ ಒರಗಿ, ಒಂದು ಗವಸು ಬಿಚ್ಚಿ, ತಂತಿ ಹಿಡಿದು ಕಟ್ಟುತಂತಿಯನ್ನು ಬಿಡಿಸಬೇಕು, ಮತ್ತೆ ಕಟ್ಟಿ ಇಳಿಯಬೇಕು. ಗವಸು ಬಿಚ್ಚಬಾರದೆಂದು ಬೋರ್ಡಿನಲ್ಲಿ ಬರೆದಿದ್ದರೂ ಪರೀಕ್ಷೆ ಮಾಡುವ ಎಂಜಿನಿಯರ್ ಆ ಹೊತ್ತಿಗೆ ಬೇರೆ ಕಡೆ ನೋಡುವುದು ವಾಡಿಕೆ.

ಅಂದು ಇಬ್ಬರು ಹೊಸ ಹುಡುಗರೂ ಪರೀಕ್ಷೆಗಿದ್ದರು. ಅವರಿಬ್ಬರಿಗಿಂತ ಅವನು ಬೇಗ ಹತ್ತಿದ. ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದ ಹಳೆಯ ತಂಡದವರಲ್ಲಿ ಒಬ್ಬ "ಅಳಿಲು" ಎಂದು ಮೆಲ್ಲಗೆ ಅಂದ. ಮೇಲೆ ಅವನು ಬೆಲ್ಟ್ ಹಾಕಿ ಒರಗಿದ, ಬಲಗೈ ಗವಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದ, ಹಿಂಗೈಯನ್ನು ತಂತಿಗೆ ತಾಗಿಸಿದ. ತೆಗೆದ. ಮತ್ತೆ ತಾಗಿಸಿದ. ಕೈ ತಿರುಗಿಸಿ ಅಂಗೈಯನ್ನು ತಂತಿಯ ಹತ್ತಿರ ತಂದ. ಅದು ಅಲ್ಲೇ ನಿಂತಿತು. ಇನ್ನೊಮ್ಮೆ ಹಿಂಗೈ, ಇನ್ನೊಮ್ಮೆ ಅಂಗೈ. ಎಂಜಿನಿಯರ್ ತನ್ನ ಟೀ ಲೋಟವನ್ನು ನೋಡುತ್ತಿದ್ದರು. ಭಾಮೈದ ಕಂಬದ ಬುಡದಲ್ಲಿ ಕತ್ತೆತ್ತಿ ನಿಂತಿದ್ದ, ಅಂದು ಮಧ್ಯಾಹ್ನ ನಿಂತಿದ್ದ ಹಾಗೆಯೇ. ಈ ಸಲ ಕೋಲಿನಿಂದ ಮಾಡಬಹುದಾದದ್ದು ಏನೂ ಇರಲಿಲ್ಲ. ಹೊಸ ಹುಡುಗರಲ್ಲಿ ಒಬ್ಬ ಏನೋ ಹೇಳಲು ಬಾಯಿ ತೆರೆದಾಗ ಭಾಮೈದ ಅವನ ತೋಳು ಹಿಡಿದು ಸುಮ್ಮನಾಗಿಸಿದ. ಬಹಳ ಹೊತ್ತಿನ ಮೇಲೆ ಮೇಲಿದ್ದವನು ಗವಸು ಹಾಕಿಕೊಂಡು ಇಳಿದ.

"ಏನಾಯ್ತು?" ಎಂದು ಎಂಜಿನಿಯರ್ ಕೇಳಿದರು.

"ಆಗಲ್ಲ ಸರ್," ಎಂದ. ಬೆಲ್ಟ್ ಬಿಚ್ಚಿ, ಮಡಚಿ, ತಾನೇ ಉಗ್ರಾಣಕ್ಕೆ ತೆಗೆದುಕೊಂಡು ಹೋದ.

ಅಂದು ಪರದೆ ಅಂಗಡಿಯಲ್ಲಿ ಕರೆಂಟ್ ಹೋಗಿರಲಿಲ್ಲ. ಅವಳಿಗೆ ಸುದ್ದಿ ತಮ್ಮನ ಫೋನಿನಿಂದ ತಿಳಿಯಿತು. ಫೋನ್ ಇಟ್ಟು ಅವಳು ಮಿಷಿನ್ ತುಳಿದಳು, ಒಂದು ಉದ್ದನೆಯ ಅಂಚನ್ನು ಎಲ್ಲೂ ನಿಲ್ಲಿಸದೆ ಹೊಲಿದು ಮುಗಿಸಿದಳು. ಎದೆಯ ಭಾರ ಇಳಿದದ್ದು ನಿಜ. ಸಂಜೆ ಮನೆಗೆ ಬಂದು, ಹೊಸ್ತಿಲಲ್ಲಿ ಬೂಟು ಬಿಚ್ಚುತ್ತಿದ್ದ ಅವನ ಕತ್ತಿನ ಹಿಂಭಾಗ ನೋಡಿದಾಗ ಆ ಹಗುರಕ್ಕೆ ತನಗೇ ನಾಚಿಕೆಯಾಯಿತು ಎಂದು ಅವಳು ಹೇಳುತ್ತಾಳೆ.

"ಆ ತಂತೀಲಿ ಏನೂ ಇಲ್ಲ ಅಂತ ನನಗೆ ಗೊತ್ತಿತ್ತು," ಎಂದು ಅವನು ಬೂಟಿನ ಲೇಸಿಗೆ ಹೇಳುವಂತೆ ಹೇಳಿದ. "ಕೈಗೆ ಗೊತ್ತಿರಲಿಲ್ಲ."

"ಕ್ಲಾಸಿನ ಕಂಬಾನ ಹಿಡೀತಿದ್ರಲ್ಲ."

"ಅದರ ಮೇಲೆ ಸೂರು ಬಿಟ್ಟು ಬೇರೇನೂ ಇಲ್ಲ ಅಂತ ಕೈಗೆ ಮೊದಲಿಂದಲೂ ಗೊತ್ತಿತ್ತು ಅನ್ಸುತ್ತೆ."

ಒಳಗಿನಿಂದ ತಾಯಿ, ಹತ್ತಿದನಾ ಇಲ್ವಾ ಎಂದು ಕೇಳಿದಳು. ಹತ್ತಿದರು ಎಂದು ಸೊಸೆ ದನಿ ಎತ್ತರಿಸಿ ಹೇಳಿದಳು. ಅದು ಸುಳ್ಳಲ್ಲ.

ಅವನು ಮತ್ತೆ ಟೈರ್ ಅಂಗಡಿಯ ಮೇಲಕ್ಕೆ ಹೋಗಲಿಲ್ಲ. ಹೆಂಡತಿ ಒಮ್ಮೆ ಕರೆದಳು. ಭುಜಕ್ಕೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು ಎಂದಳು. ಅವನು ಈಗ ಅದರಿಂದ ಏನಾಗಬೇಕು ಎಂದ. ಸ್ಕೂಟರಿನಲ್ಲಿ ಬಿಟ್ಟು ಕೆಳಗೆ ಕಾಯುತ್ತಾನೆ. ಟೈರ್ ಅಂಗಡಿಯವನು ಮಾತಿಗೆಳೆಯುತ್ತಾನೆ, ಇವನು ಹೂಂ ಎನ್ನುತ್ತಾನೆ. ಕತ್ತರಿಸಿ ಹೊಲಿದ ಖಾಕಿ ಚಡ್ಡಿಯನ್ನು ಅವನ ತಾಯಿ ಸ್ಟೂಲು ಒರೆಸಲು ಇಟ್ಟುಕೊಂಡಿದ್ದಳು. ಸೊಸೆ ಅದನ್ನು ತೆಗೆದು ಒಗೆದು ಬೀರುವಿನಲ್ಲಿಟ್ಟಿದ್ದಾಳೆ. ಚಮಚ ಎಡಗೈಗೆ ಮರಳಿತು.

ಮೇಲೆ ಹೆಂಗಸರು ಅಣ್ಣ ಎಲ್ಲಿ ಎಂದು ಕೇಳಿದರು. ಡ್ಯೂಟಿ ಜಾಸ್ತಿ ಎಂದು ಅವಳು ಹೇಳಿದಳು. ಮೇಲೆ ಹತ್ತೋ ಡ್ಯೂಟಿನಾ ಎಂದು ಬಸ್ಸಿನವಳು ಕೇಳಿದಾಗ, ಅಲ್ಲ, ಕೆಳಗಿನದೇ ಎಂದಳು. ಆಮೇಲೆ ಸಾಲಾಗಿ ನಿಂತು ಒಬ್ಬೊಬ್ಬರೇ ಕಂಬದ ಹತ್ತಿರ ಹೋದರು. ನರ್ಸ್, ಟೀಚರುಗಳು, ಅಜ್ಜಿ, ಎಲ್ಲರೂ ಹತ್ತುವ ಮೊದಲು ಹಿಂಗೈಯಿಂದ ಕಂಬವನ್ನು ಮುಟ್ಟಿದರು, ಈಗ ಯಾರೂ ನಗದೆ, ಏಕೆ ಎಂದು ಯೋಚಿಸದೆ. ಈಚೆಗೆ ಸೇರಿದ ಹುಡುಗಿಯೊಬ್ಬಳು ಹಿಂದಿನವರನ್ನು ನೋಡಿ ತಾನೂ ಹಾಗೆಯೇ ಮಾಡಿದಳು. ಪರದೆ ಹೊಲಿಯುವವಳ ಸರದಿ ಬಂದಾಗ ಅವಳು ನೇರವಾಗಿ ಅಂಗೈಯಿಂದಲೇ ಹಿಡಿದಳು.

ಪರೀಕ್ಷೆಯಲ್ಲಿ ಪಾಸಾದ ಹುಡುಗರಲ್ಲಿ ಒಬ್ಬನನ್ನು ಭಾಮೈದನ ಜೋಡಿಯಾಗಿ ಹಾಕಿದ್ದಾರೆ. ಕೆಲಸಕ್ಕೆ ಸೇರಿದ ಬೆಳಿಗ್ಗೆ ಆ ಹುಡುಗ ಉಗ್ರಾಣದ ಕಿಟಕಿಗೆ ಬಂದ. ಒಳಗಿದ್ದವನು ಗವಸನ್ನು ಸುತ್ತಿ ಕೆನ್ನೆಗೆ ಹಿಡಿದು ನೋಡಿದ, ತೂತಿರಲಿಲ್ಲ. ಗೋಡೆಯ ಮೊಳೆಯಿಂದ ತನ್ನ ಬೆಲ್ಟ್ ಇಳಿಸಿ, ಹೊಲಿಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ಬಕಲನ್ನು ಹಿಂಗೈಯಿಂದೊಮ್ಮೆ ಮುಟ್ಟಿ, ಎರಡನ್ನೂ ಕಟ್ಟೆಯ ಮೇಲಿಟ್ಟು ಆಚೆ ತಳ್ಳಿದ. ಬೆಲ್ಟ್ ಹುಡುಗನಿಗೆ ಸ್ವಲ್ಪ ಸಡಿಲವಾಗಿತ್ತು. ಇನ್ನೊಂದು ತೂತು ಹೊಡೆಸಿಕೋ ಎಂದ. ಭಾಮೈದ ಅಂದು ಮುತ್ತಿನ ಮಾತೆತ್ತಲಿಲ್ಲ.

ಭಾಮೈದನೂ ಆ ಹುಡುಗನೂ ಮುಂದಿನ ಗುರುವಾರ ಟೈರ್ ಅಂಗಡಿಯ ಹಿಂದಿನ ಹಳೆಯ ಕಂಬ ಕಿತ್ತು ಹೊಸದು ನೆಡುತ್ತಾರೆ. ಅಂದು ರಾತ್ರಿಯವರೆಗೆ ಆ ಬೀದಿಗೆ ಕರೆಂಟ್ ಇರುವುದಿಲ್ಲ, ಹಾಗಾಗಿ ತರಗತಿಯೂ ಇಲ್ಲ.